ಕೊಡಗಿನ ಮಳೆಗಾಲಕ್ಕೆ ಜನರೇಟರ್: ಅಗ್ಗದ್ದರಲ್ಲಿ ಯಾವುದು ಸಾಕು?

ಮೈಸೂರಿನಲ್ಲಿ ಕರೆಂಟ್ ಹೋದರೆ ಗಂಟೆಗಳ ಲೆಕ್ಕ. ಕೊಡಗಿನಲ್ಲಿ ಮಳೆ ಹಿಡಿದ ಮೇಲೆ ಹೋದರೆ ದಿನಗಳ ಲೆಕ್ಕ. ಇಲ್ಲಿ ವಿದ್ಯುತ್ ತಂತಿ ಕಾಫಿ ತೋಟಗಳ ನಡುವೆ, ಸಿಲ್ವರ್ ಓಕ್ ಮರಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಜುಲೈ ತಿಂಗಳ ಒಂದು ಗಾಳಿಗೆ ಮರ ಉರುಳಿ ಎರಡು ಕಂಬ ಮುರಿದರೆ, ಮರ ಕಡಿದು, ಕಂಬ ಹೊತ್ತು ತಂದು ನಿಲ್ಲಿಸಿ, ತಂತಿ ಎಳೆಯುವಷ್ಟರಲ್ಲಿ ವಾರವೇ ಕಳೆದರೂ ಆಶ್ಚರ್ಯವಿಲ್ಲ. ಭಾಗಮಂಡಲ, ಬಿರುನಾಣಿ, ಶಾಂತಳ್ಳಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಹಲವು ಕಡೆ ರಸ್ತೆಯೇ ಇಲ್ಲದಾದಾಗ ಯಾರನ್ನು ದೂರಿಯೂ ಪ್ರಯೋಜನವಿರಲಿಲ್ಲ.

ಆದ್ದರಿಂದ ಜನರೇಟರ್ ಕೊಳ್ಳಲು ಹೋದಾಗ ಅಂಗಡಿಯವರು ಮೊದಲು ಕೇಳುವ "ಎಷ್ಟು ಕೆವಿಎ ಬೇಕು?" ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಿ (ಕೆವಿಎ ಎಂದರೆ ಯಂತ್ರದ ಸಾಮರ್ಥ್ಯದ ಅಳತೆ, ಒಂದು ಕೆವಿಎ ಹೆಚ್ಚೆಂದರೆ ಸಾವಿರ ವ್ಯಾಟ್). ಇಲ್ಲಿಯ ಮನೆಗೆ ಮುಖ್ಯವಾದ ಪ್ರಶ್ನೆಗಳು ಬೇರೆ. ವರ್ಷಕ್ಕೆ ಎಷ್ಟು ದಿನ ಓಡಿಸಬೇಕಾದೀತು? ರಸ್ತೆ ಮುಚ್ಚಿದಾಗ ಪೆಟ್ರೋಲ್ ಎಷ್ಟು ದಿನ ಬಂದೀತು? ಬಾವಿಯ ಪಂಪನ್ನು ಇದರಲ್ಲೇ ಓಡಿಸಬೇಕೇ? ಮೂರನೆಯದಕ್ಕೆ ನೀವು ಕೊಡುವ ಉತ್ತರವೇ ಯಾವ ಯಂತ್ರ, ಎಷ್ಟು ಹಣ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿಬಿಡುತ್ತದೆ.

ಮನೆಗೆ ನಿಜವಾಗಿ ಬೇಕಾದದ್ದು

ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಕೊಡಗಿನ ಮನೆಯ ಕರೆಂಟ್ ಖರ್ಚು ಬಹಳ ಕಡಿಮೆ. ಫ್ಯಾನ್ ಯಾರಿಗೂ ಬೇಡ. ಸ್ನಾನದ ನೀರಿಗೆ ಇನ್ನೂ ಬಹಳ ಮನೆಗಳಲ್ಲಿ ಸೌದೆ ಒಲೆಯಿದೆ. ಇಲ್ಲದವರು ಆ ನಾಲ್ಕು ದಿನ ಗ್ಯಾಸಿನಲ್ಲಿ ಕಾಯಿಸಿಕೊಳ್ಳಬಹುದು. ಎರಡು ಸಾವಿರ ವ್ಯಾಟಿನ ಗೀಸರ್‌ಗಾಗಿ ದೊಡ್ಡ ಜನರೇಟರ್ ಕೊಳ್ಳುವುದು ಶುದ್ಧ ದುಂದುಗಾರಿಕೆ. ಉಳಿದದ್ದೇನು? ಒಂಬತ್ತು ವ್ಯಾಟಿನ ಆರು ಎಲ್‌ಇಡಿ ಬಲ್ಬುಗಳಿಗೆ 54 ವ್ಯಾಟ್. ವೈಫೈ ಪೆಟ್ಟಿಗೆಗೆ 10ರಿಂದ 15. ಟಿವಿಗೆ 60ರಿಂದ 100. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜಿಂಗ್ ಎಲ್ಲ ಸೇರಿ ನೂರರ ಒಳಗೆ. ಸಾಧಾರಣ ಫ್ರಿಜ್ ಓಡುವಾಗ 100ರಿಂದ 150. ಎಲ್ಲವನ್ನೂ ಒಟ್ಟಿಗೆ ಹಾಕಿದರೂ 400 ವ್ಯಾಟಿನ ಆಸುಪಾಸು. ಮಿಕ್ಸಿಗೆ 500ರಿಂದ 750 ವ್ಯಾಟ್ ಬೇಕು, ಆದರೆ ಐದು ನಿಮಿಷದ ಕೆಲಸ. ಆಗ ಟಿವಿ ಆರಿಸಿದರಾಯಿತು.

ಪಂಪ್ ಬಂದೊಡನೆ ಈ ಲೆಕ್ಕ ತಲೆಕೆಳಗಾಗುತ್ತದೆ. ಒಂದು ಎಚ್‌ಪಿ ಮೋಟಾರ್ ಓಡುವಾಗ ಸಾವಿರ ವ್ಯಾಟಿನಷ್ಟು ಎಳೆಯುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಮೂರರಿಂದ ಆರು ಪಟ್ಟು ಕರೆಂಟ್ ಕೇಳುತ್ತದೆ. ಆ ಒಂದೆರಡು ಸೆಕೆಂಡ್ ತಡೆದುಕೊಳ್ಳಲಾಗದ ಜನರೇಟರ್ ಉಸಿರುಗಟ್ಟಿ ನಿಲ್ಲುತ್ತದೆ, ಇಲ್ಲವೇ ವೋಲ್ಟೇಜ್ ಕುಸಿದು ಮೋಟಾರ್ ತಿರುಗದೆ ಗುಂಯ್‌ಗುಟ್ಟುತ್ತ ಬಿಸಿಯಾಗುತ್ತದೆ. ಅದಕ್ಕೇ ಒಂದು ಎಚ್‌ಪಿ ಪಂಪಿಗೆ ಕನಿಷ್ಠ 3 ಕೆವಿಎ, ಅರ್ಧ ಎಚ್‌ಪಿಗೆ 2 ಕೆವಿಎ ಇರಲಿ ಎನ್ನುತ್ತೇನೆ. ತೋಟದ ಮೂರು ಫೇಸ್ ಮೋಟಾರನ್ನು ಈ ಸಣ್ಣ ಸಿಂಗಲ್ ಫೇಸ್ ಯಂತ್ರಗಳು ಓಡಿಸಲಾರವು. ಆ ಆಸೆ ಬಿಡಿ.

ಬಯಲುಸೀಮೆಯ ಲೆಕ್ಕಕ್ಕೆ ಇಲ್ಲಿ ಇನ್ನೊಂದು ಕಡಿತವಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ನಿನ ಬಲ ಕುಗ್ಗುತ್ತದೆ. ಪ್ರತಿ 300 ಮೀಟರ್‌ಗೆ ಸುಮಾರು ಶೇಕಡಾ 3.5 ಎಂಬುದು ತಯಾರಕರೇ ಹೇಳುವ ಲೆಕ್ಕ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ 1,100 ಮೀಟರ್‌ಗೂ ಮೇಲೆ. ಅಂದರೆ ಡಬ್ಬಿಯ ಮೇಲೆ 2,000 ವ್ಯಾಟ್ ಎಂದಿದ್ದರೆ ಮಡಿಕೇರಿಯಲ್ಲಿ 1,750ರಷ್ಟು ಸಿಕ್ಕರೆ ಸಮಾಧಾನಪಡಬೇಕು. ಕುಶಾಲನಗರದವರಿಗೆ ಈ ನಷ್ಟ ಸ್ವಲ್ಪ ಕಡಿಮೆ.

ಹಾಗಾದರೆ ಪಂಪ್ ಬೇಕೇ? ಗುಡ್ಡದ ತೊರೆಯಿಂದ ಪೈಪಿನಲ್ಲಿ ತಾನಾಗಿ ನೀರು ಇಳಿಯುವ ಮನೆಗಳಿಗೆ ಖಂಡಿತ ಬೇಡ. ಬಾವಿಯಿದ್ದವರೂ ಒಮ್ಮೆ ಯೋಚಿಸಬೇಕು. ಮಳೆ ಸುರಿಯುವ ದಿನಗಳಲ್ಲಿ ಸೂರಿನ ನೀರು ಹಿಡಿದರೆ ಬಟ್ಟೆ, ಪಾತ್ರೆ, ಶೌಚಾಲಯಕ್ಕೆ ಧಾರಾಳ. ಕುಡಿಯಲು, ಅಡುಗೆಗೆ ಬಾವಿಯಿಂದ ನಾಲ್ಕು ಕೊಡ ಸೇದುವ ಶಕ್ತಿ ಮನೆಯಲ್ಲಿ ಯಾರಿಗಾದರೂ ಇದೆಯೇ? ಇಲ್ಲವೇ ಸಾವಿರ ಲೀಟರಿನ ಇನ್ನೊಂದು ಟ್ಯಾಂಕ್ ಇಟ್ಟು, ಗಾಳಿಮಳೆ ಜೋರಾಗುವ ಸೂಚನೆ ಕಂಡೊಡನೆ ತುಂಬಿಸಿಕೊಳ್ಳಲಾದೀತೇ? ದೊಡ್ಡ ಜನರೇಟರಿಗೆ ಹೆಚ್ಚುವರಿ ಹಣ ಕೊಡುವುದಕ್ಕಿಂತ ಟ್ಯಾಂಕ್ ಅಗ್ಗ, ಅದಕ್ಕೆ ಪೆಟ್ರೋಲೂ ಬೇಡ. ಆದರೆ ವಯಸ್ಸಾದವರಿಬ್ಬರೇ ಇರುವ, ಬಾವಿ ಆಳವಾದ ಮನೆಗೆ ಪಂಪ್ ಬೇಕೇ ಬೇಕು. ಅಲ್ಲಿ ಉಳಿತಾಯದ ಮಾತಾಡಬಾರದು.

ತೆರೆದ ಚೌಕಟ್ಟಿನದೋ, ಇನ್ವರ್ಟರ್ ಮಾದರಿಯದೋ

ಕೈಗೆಟಕುವ ಬೆಲೆಯ ಪೆಟ್ರೋಲ್ ಜನರೇಟರುಗಳಲ್ಲಿ ಎರಡು ಜಾತಿ. ಒಂದು, ಕಬ್ಬಿಣದ ಕೊಳವೆಯ ಚೌಕಟ್ಟಿನೊಳಗೆ ಎಂಜಿನ್ ಎದ್ದು ಕಾಣುವ ಹಳೆಯ ಬಗೆ. ಇನ್ನೊಂದು, ಸೂಟ್‌ಕೇಸಿನಂತೆ ಮುಚ್ಚಿದ ಇನ್ವರ್ಟರ್ ಜನರೇಟರ್. ಮನೆಯ ಮೂಲೆಯಲ್ಲಿ ಬ್ಯಾಟರಿಯ ಜೊತೆ ಇಡುವ ಇನ್ವರ್ಟರ್ ಬೇರೆ, ಇದು ಬೇರೆ. ಅಂಗಡಿಯಲ್ಲಿ ಸ್ಪಷ್ಟವಾಗಿ ಹೇಳಿ.

ತೆರೆದ ಬಗೆಯ ಎಂಜಿನ್ ಯಾವಾಗಲೂ ನಿಮಿಷಕ್ಕೆ 3,000 ಸುತ್ತು ತಿರುಗಲೇಬೇಕು. ನಮ್ಮ ಕರೆಂಟಿನ 50 ಹರ್ಟ್ಸ್ ಹುಟ್ಟುವುದೇ ಆ ವೇಗದಿಂದ. ಹಾಗಾಗಿ ನೀವು ಎರಡು ಬಲ್ಬ್ ಉರಿಸಿದರೂ ಅದು ಪೂರ್ತಿ ಗದ್ದಲದಲ್ಲೇ ಓಡುತ್ತದೆ, ಪೆಟ್ರೋಲೂ ಹಾಗೇ ಕುಡಿಯುತ್ತದೆ. ಇನ್ವರ್ಟರ್ ಮಾದರಿಯಲ್ಲಿ ಹುಟ್ಟಿದ ಕರೆಂಟನ್ನು ಒಮ್ಮೆ ಡಿಸಿ ಮಾಡಿ, ಎಲೆಕ್ಟ್ರಾನಿಕ್ ಬೋರ್ಡಿನ ಮೂಲಕ ಮತ್ತೆ ಶುದ್ಧ 50 ಹರ್ಟ್ಸ್ ಎಸಿ ಮಾಡುತ್ತಾರೆ. ಎಂಜಿನ್ನಿನ ವೇಗಕ್ಕೂ ಹೊರಬರುವ ಕರೆಂಟಿಗೂ ನಂಟು ಕಡಿದುಹೋಗುವುದರಿಂದ, ಲೋಡ್ ಕಡಿಮೆಯಿದ್ದಾಗ ಎಂಜಿನ್ ನಿಧಾನಿಸುತ್ತದೆ. ಸದ್ದು ಕಡಿಮೆ, ಪೆಟ್ರೋಲ್ ಕಡಿಮೆ, ವೋಲ್ಟೇಜಿನ ಏರಿಳಿತವೂ ಕಡಿಮೆ.

ಮಾರುವವರು ಇನ್ವರ್ಟರ್ ಮಾದರಿಯ ಇಂಧನ ಉಳಿತಾಯವನ್ನೇ ಎತ್ತಿ ಹೇಳುತ್ತಾರೆ. ಅದನ್ನು ಕಾಗದದ ಮೇಲೆ ಹಾಕಿ ನೋಡೋಣ. 400 ವ್ಯಾಟಿನೊಳಗಿನ ಲೋಡಿಗೆ 2ರಿಂದ 2.5 ಕೆವಿಎಯ ತೆರೆದ ಯಂತ್ರ ಗಂಟೆಗೆ ಅಂದಾಜು ಮುಕ್ಕಾಲು ಲೀಟರ್, ಸಣ್ಣ ಇನ್ವರ್ಟರ್ ಯಂತ್ರ ಅಂದಾಜು 0.4 ಲೀಟರ್ ಕುಡಿಯುತ್ತದೆ ಎಂದುಕೊಳ್ಳಿ. ಲೀಟರಿಗೆ ನೂರು ರೂಪಾಯಿ ಹಿಡಿಯಿರಿ. ವರ್ಷಕ್ಕೆ ಹತ್ತು ದಿನ, ದಿನಕ್ಕೆ ನಾಲ್ಕು ಗಂಟೆ ಓಡಿಸುವ ಮನೆಗೆ ತೆರೆದದ್ದರಲ್ಲಿ ಮೂವತ್ತು ಲೀಟರ್, ಇನ್ವರ್ಟರಿನಲ್ಲಿ ಹದಿನಾರು ಲೀಟರ್. ಉಳಿತಾಯ 1,400 ರೂಪಾಯಿ. ಅದೇ ಸಾಮರ್ಥ್ಯದ ಇನ್ವರ್ಟರ್ ಜನರೇಟರಿಗೆ ನೀವು ಕೊಡುವ ಹೆಚ್ಚುವರಿ ಹಣ ಹತ್ತಾರು ಸಾವಿರ. ಪೆಟ್ರೋಲಿನಲ್ಲೇ ಅದನ್ನು ವಾಪಸ್ ಪಡೆಯಲು ಹೊರಟರೆ ಯಂತ್ರದ ಆಯುಸ್ಸೇ ಮುಗಿದೀತು. ವರ್ಷಕ್ಕೆ ತಿಂಗಳುಗಟ್ಟಲೆ ಕತ್ತಲಲ್ಲಿರುವ ಒಳಹಳ್ಳಿಯ ಮನೆಗೆ ಮಾತ್ರ ಈ ವಾದ ಸ್ವಲ್ಪ ಹೊಂದುತ್ತದೆ. ಅಲ್ಲಿಯೂ ರೂಪಾಯಿಗಿಂತ ದೊಡ್ಡ ಲಾಭವೆಂದರೆ, ರಸ್ತೆ ಮುಚ್ಚಿದಾಗ ಮನೆಯಲ್ಲಿರುವ ಇಪ್ಪತ್ತು ಲೀಟರ್ ಪೆಟ್ರೋಲ್ ಹೆಚ್ಚುಕಡಿಮೆ ಎರಡರಷ್ಟು ದಿನ ಬರುತ್ತದೆ.

ಇನ್ವರ್ಟರ್ ಮಾದರಿಯನ್ನು ಕೊಳ್ಳಲು ನಿಜವಾದ ಕಾರಣಗಳು ಬೇರೆ. 2 ಕೆವಿಎಯದು ಇಪ್ಪತ್ತು ಕಿಲೋ ಚಿಲ್ಲರೆ ತೂಗುತ್ತದೆ, ಒಬ್ಬರೇ ಎತ್ತಿಡಬಹುದು. ತೆರೆದದ್ದು ನಲವತ್ತು ಕಿಲೋ ದಾಟುತ್ತದೆ. ರಾತ್ರಿ ಓಡಿಸಿದರೆ ಪಕ್ಕದ ಮನೆಯವರ ನಿದ್ದೆ ಕೆಡುವುದಿಲ್ಲ. ಹೋಂಸ್ಟೇ ಇಟ್ಟುಕೊಂಡವರಿಗೆ ಇದೊಂದೇ ಸಾಕಾದ ಕಾರಣ: ಮಳೆಯ ಸದ್ದು ಕೇಳಲೆಂದು ಬಂದ ಅತಿಥಿಗೆ ಎಂಜಿನ್ನಿನ ಸದ್ದು ಕೇಳಿಸಬಾರದು. ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್‌ನಂಥ ವೈದ್ಯಕೀಯ ಯಂತ್ರ ಇದ್ದರೆ ಹಣದ ಮುಖ ನೋಡದೆ ಇದನ್ನೇ ಕೊಳ್ಳಿ, ಜೊತೆಗೆ ಬ್ಯಾಟರಿಯ ಇನ್ವರ್ಟರೂ ಇರಲಿ.

ತೆರೆದ ಯಂತ್ರದ ಪರವಾಗಿಯೂ ಬಲವಾದ ಮಾತಿದೆ, ಅದನ್ನು ಕೊಡಗಿನಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕು. ಅಗ್ಗದ ಯಂತ್ರಗಳಲ್ಲಿ ಸಾಮಾನ್ಯವಾಗಿ ಕೂರಿಸುವ 168ಎಫ್ ಬಗೆಯ ಎಂಜಿನ್ನೇ ಸಣ್ಣ ಪಂಪ್‌ಸೆಟ್ಟು, ಉಳುವ ಯಂತ್ರಗಳಲ್ಲೂ ಇರುತ್ತದೆ. ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಯಂತ್ರ ರಿಪೇರಿ ಮಾಡುವ ಯಾವ ಮೆಕ್ಯಾನಿಕ್‌ನ ಕೈಗೂ ಅದು ಒಗ್ಗಿದೆ. ಪ್ಲಗ್, ಕಾರ್ಬ್ಯುರೇಟರ್, ಹಗ್ಗದ ಸ್ಪ್ರಿಂಗ್ ಎಲ್ಲ ಗೋಣಿಕೊಪ್ಪ, ಕುಶಾಲನಗರದಂಥ ಪೇಟೆಯಲ್ಲೇ ಹುಡುಕಬಹುದು. ಇನ್ವರ್ಟರ್ ಜನರೇಟರಿನ ಬೋರ್ಡ್ ಸುಟ್ಟರೆ ಇಲ್ಲಿ ಯಾರೂ ಬಿಚ್ಚುವುದಿಲ್ಲ. ಯಂತ್ರ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತದೆ, ಅಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಮೋಟಾರ್ ಸ್ಟಾರ್ಟ್ ಮಾಡುವ ದಮ್ಮು ಕೂಡ ಅದೇ ಬೆಲೆಯ ತೆರೆದ ಯಂತ್ರದಲ್ಲಿ ಹೆಚ್ಚು.

ನನ್ನ ಆಯ್ಕೆ ಹೀಗೆ. ಪಂಪ್ ಓಡಿಸಲೇಬೇಕು, ಹಣ ಬಿಗಿಯಾಗಿದೆ ಎಂದರೆ ನಾಲ್ಕು ಸ್ಟ್ರೋಕಿನ, ಎವಿಆರ್ (ವೋಲ್ಟೇಜನ್ನು ತಾನಾಗಿ ಹದದಲ್ಲಿಡುವ ಭಾಗ) ಇರುವ, ತಾಮ್ರದ ಸುರುಳಿಯ 3 ಕೆವಿಎ ತೆರೆದ ಯಂತ್ರ. ಪಂಪ್ ಬೇಡವೆಂದರೆ 1 ಕೆವಿಎ ಆಸುಪಾಸಿನ ಸಣ್ಣ ಇನ್ವರ್ಟರ್ ಜನರೇಟರ್. ದೊಡ್ಡ ತೆರೆದ ಯಂತ್ರಕ್ಕೆ ಕೊಡುವ ಹಣಕ್ಕೆ ಹತ್ತಿರದಲ್ಲೇ ಅದು ಸಿಗಬಹುದು. ಆನ್‌ಲೈನಿನಲ್ಲಿ ಅತಿ ಅಗ್ಗಕ್ಕೆ ಕಾಣುವ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುವ ಎರಡು ಸ್ಟ್ರೋಕಿನ 650 ವ್ಯಾಟಿನದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಹೊಗೆ, ಗದ್ದಲ ಎರಡೂ ಹೆಚ್ಚು, ಫ್ರಿಜ್ ಸ್ಟಾರ್ಟ್ ಆಗುವಾಗ ತಿಣುಕುತ್ತದೆ.

ಬ್ಯಾಟರಿಯ ಇನ್ವರ್ಟರ್ ಇದ್ದವರು

ಮನೆಯಲ್ಲಿ ಆಗಲೇ ಇನ್ವರ್ಟರ್ ಇದ್ದರೆ ಜನರೇಟರಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಹೆಸರಿಗೆ 1,800 ವ್ಯಾಟ್-ಅವರ್ ಇದೆ. ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಉಪಯೋಗಿಸಿದರೆ 1,200ರಷ್ಟು. ನೂರು ವ್ಯಾಟಿನ ದೀಪ, ವೈಫೈಗೆ ಹನ್ನೆರಡು ಗಂಟೆ. ಮೊದಲ ರಾತ್ರಿ ಆರಾಮವಾಗಿ ಕಳೆಯುತ್ತದೆ. ಎರಡನೆಯ ರಾತ್ರಿಯಿಂದ ಶುರು ಕಷ್ಟ, ಏಕೆಂದರೆ ಚಾರ್ಜ್ ಮಾಡಲು ಕರೆಂಟೇ ಇಲ್ಲ.

ಇಲ್ಲಿ ಸಣ್ಣ ಜನರೇಟರ್ ಹೊಂದಿಕೊಳ್ಳುತ್ತದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಓಡಿಸಿ. ಆ ಹೊತ್ತಿನಲ್ಲೇ ಫ್ರಿಜ್ ತಣ್ಣಗಾಗಲಿ, ಮಿಕ್ಸಿಯ ಕೆಲಸ, ಮೊಬೈಲ್ ಚಾರ್ಜಿಂಗ್ ಮುಗಿಯಲಿ, ಇನ್ವರ್ಟರ್ ಬ್ಯಾಟರಿಯೂ ತುಂಬಿಕೊಳ್ಳಲಿ. 15 ಆಂಪಿಯರಿನಲ್ಲಿ ನಾಲ್ಕು ಗಂಟೆ ಚಾರ್ಜ್ ಆದರೆ 60 ಎಎಚ್ ಒಳಗೆ ಹೋಗುತ್ತದೆ, ಒಂದು ರಾತ್ರಿಯ ದೀಪಗಳಿಗೆ ಅದು ಸಾಕು. ಉಳಿದ ಇಪ್ಪತ್ತು ಗಂಟೆ ಮನೆ ನಿಶ್ಶಬ್ದ. ನಮ್ಮ ಮಳೆಗಾಲದ ತಂಪಿನಲ್ಲಿ ಬಾಗಿಲು ತೆರೆಯದ ಫ್ರಿಜ್ ಬೇಗ ಬೆಚ್ಚಗಾಗುವುದಿಲ್ಲ. ತುಂಬಿದ ಫ್ರೀಜರ್‌ನಲ್ಲಿರುವ ಹಂದಿ ಮಾಂಸಕ್ಕೆ ಒಂದು ದಿನದ ಮಟ್ಟಿಗೆ ಏನೂ ಆಗದು.

ಒಂದು ತೊಡಕು ಮಾತ್ರ ಮೊದಲೇ ಪರೀಕ್ಷಿಸಬೇಕು. ತೆರೆದ ಅಗ್ಗದ ಜನರೇಟರಿನ ಕರೆಂಟನ್ನು ಕೆಲವು ಮನೆ ಇನ್ವರ್ಟರುಗಳು ಒಪ್ಪುವುದಿಲ್ಲ. ವೋಲ್ಟೇಜ್ ಅಲುಗಾಡಿದರೆ ಚಾರ್ಜ್ ಮಾಡದೆ ಬ್ಯಾಟರಿಗೇ ಮರಳುತ್ತವೆ. ಹಿಂಬದಿಯಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ನಾರ್ಮಲ್‌ಗೆ ಹಾಕಿ ನೋಡಿ. ಆ ಮೋಡಿನಲ್ಲಿ ವೋಲ್ಟೇಜಿನ ಹೆಚ್ಚು ಏರಿಳಿತವನ್ನು ಅದು ಸಹಿಸಿಕೊಳ್ಳುತ್ತದೆ. ಎವಿಆರ್ ಇರುವ ಯಂತ್ರವನ್ನೇ ಕೊಳ್ಳಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಎಲ್ಲಿಡುವುದು, ಹೇಗೆ ಜೋಡಿಸುವುದು

ಕೊಡಗಿನಲ್ಲಿ ಜನರೇಟರಿನ ಅತಿ ದೊಡ್ಡ ಅಪಾಯಕ್ಕೆ ಮಳೆಯೇ ದಾರಿ ಮಾಡಿಕೊಡುತ್ತದೆ. ಅಡ್ಡಮಳೆ ಹೊಡೆಯುವಾಗ ಯಂತ್ರವನ್ನು ಅಂಗಳದಲ್ಲಿಡಲು ಮನಸ್ಸು ಬಾರದೆ ಜಗಲಿಗೋ, ಕಾರು ನಿಲ್ಲಿಸುವ ಶೆಡ್ಡಿಗೋ, ಸೌದೆ ಕೊಟ್ಟಿಗೆಗೋ ಎಳೆದುಕೊಳ್ಳುತ್ತಾರೆ. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಕಿಟಕಿ ಮುಚ್ಚಿ ಮಲಗಿದ ಮನೆಯೊಳಗೆ ಅದು ಬಾಗಿಲ ಸಂದಿಯಿಂದ ನುಗ್ಗಿದರೆ ತಲೆನೋವು, ವಾಕರಿಕೆ, ಮಂಪರು, ಆಮೇಲೆ ಎಚ್ಚರವೇ ಆಗದಿರಬಹುದು. ಬಾಗಿಲು ಕಿಟಕಿಗಳಿಂದ ಕನಿಷ್ಠ ಇಪ್ಪತ್ತು ಅಡಿ ದೂರ, ಹೊಗೆಕೊಳವೆ ಮನೆಗೆ ಬೆನ್ನು ಹಾಕಿ, ಮೇಲೆ ಶೀಟಿನ ಮಾಡು, ಸುತ್ತ ಬಯಲು: ಇಷ್ಟಿರುವ ಒಂದು ಪುಟ್ಟ ಚಪ್ಪರವನ್ನು ಮೇ ತಿಂಗಳಲ್ಲೇ ಕಟ್ಟಿಸಿ. ಅದರ ಖರ್ಚನ್ನು ಜನರೇಟರಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ. ಕೆಳಗೆ ಕಲ್ಲು ಹಾಸಿ ಮಟ್ಟ ಮಾಡಿ. ಇಳಿಜಾರಿನಲ್ಲಿಟ್ಟರೆ ಎಣ್ಣೆ ಕಡಿಮೆಯಾಗಿದೆಯೆಂದು ಸೆನ್ಸರ್ ಭ್ರಮಿಸಿ ಎಂಜಿನ್ ನಿಲ್ಲಿಸುತ್ತದೆ. ನಮ್ಮಲ್ಲಿ ಮಟ್ಟದ ಜಾಗವೇ ಅಪರೂಪವಾದ್ದರಿಂದ "ಹೊಸ ಯಂತ್ರ ಕೆಟ್ಟಿದೆ" ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಎರಡೂ ತುದಿಗೆ ಪಿನ್ನಿರುವ ವೈರ್ ಮಾಡಿ ಜನರೇಟರಿನಿಂದ ಗೋಡೆಯ ಸಾಕೆಟಿಗೆ ಚುಚ್ಚುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಮೇನ್ ಸ್ವಿಚ್ ಆರಿಸಲು ಒಮ್ಮೆ ಮರೆತರೆ ನಿಮ್ಮ 230 ವೋಲ್ಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಸೇರುತ್ತದೆ, ಅಲ್ಲಿ ಉಲ್ಟಾ ಏರಿ 11,000 ವೋಲ್ಟ್ ಆಗಬಹುದು. ಆ ಹೊತ್ತಿಗೆ ತೋಟದ ಕೆಸರಿನಲ್ಲಿ ನಿಂತು ತುಂಡಾದ ತಂತಿ ಹಿಡಿದಿರುವುದು ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮ್ಯಾನ್. ಲೈನ್, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಎರಡು ಪೋಲಿನ ಚೇಂಜ್ ಓವರ್ ಸ್ವಿಚ್ಚನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ, ಅರ್ತಿಂಗ್ ಸರಿಯಿದೆಯೇ ಅದೇ ದಿನ ನೋಡಿಸಿ. ಅಷ್ಟು ಖರ್ಚು ಬೇಡವೆಂದರೆ ಮನೆಯ ವೈರಿಂಗಿಗೆ ಜನರೇಟರನ್ನು ಸೇರಿಸಲೇಬೇಡಿ. ದಪ್ಪ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಫ್ರಿಜ್ಜನ್ನೂ ಇನ್ವರ್ಟರನ್ನೂ ನೇರವಾಗಿ ಅದಕ್ಕೇ ಚುಚ್ಚಿ. ನೋಡಲು ಚಂದವಿಲ್ಲ, ಆದರೆ ಸುರಕ್ಷಿತ.

ಬೇರೆ ದಾರಿಗಳ ಬಗ್ಗೆ ಎರಡು ಮಾತು

ಡೀಸೆಲ್ ಯಂತ್ರ ಬಾಳಿಕೆಯದು, ಟ್ರ್ಯಾಕ್ಟರ್ ಇರುವ ತೋಟದಲ್ಲಿ ಡೀಸೆಲ್ ಹೇಗೂ ಇರುತ್ತದೆ. ಆದರೆ ಸಣ್ಣ ಮನೆಗೆ ಅದು ಭಾರ, ನಡುಕ, ಗದ್ದಲ ಎಲ್ಲದರಲ್ಲೂ ಅತಿಯಾಯಿತು. ಮನೆ, ಕಾರ್ಮಿಕರ ಲೈನ್ ಮನೆ, ಗೋದಾಮು ಎಲ್ಲಕ್ಕೂ ಒಂದೇ ಯಂತ್ರ ಬೇಕೆನ್ನುವವರಿಗೆ ಸರಿ. ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಸೆಕೆಂಡ್ ಹ್ಯಾಂಡ್ ಸೆಟ್ಟನ್ನು ಅಗ್ಗವೆಂದು ತರುವ ಮೊದಲು ಸೀಮೆಎಣ್ಣೆ ಎಲ್ಲಿಂದ ತರುತ್ತೀರಿ ಎಂದು ಯೋಚಿಸಿ. ಗ್ಯಾಸಿನ ಯಂತ್ರವೂ ಇದೆ, ಆದರೆ ಅಡುಗೆಯ ಸಿಲಿಂಡರನ್ನು ಅದಕ್ಕೆ ಜೋಡಿಸುವಂತಿಲ್ಲ.

ಸೌರಶಕ್ತಿಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇರುವುದು ನಿಜ. ಆದರೆ ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸಾಮಾನ್ಯ ಪದ್ಧತಿಯಲ್ಲಿ, ಲೈನ್ ಹೋದೊಡನೆ ಸೋಲಾರ್ ಕೂಡ ತಾನಾಗಿ ನಿಲ್ಲುತ್ತದೆ. ಲೈನ್‌ಮ್ಯಾನ್‌ನ ರಕ್ಷಣೆಗೆ ಹಾಗೆ ಮಾಡಿದ್ದಾರೆ. ಬ್ಯಾಟರಿ ಸೇರಿಸಿದರೂ ಜುಲೈಯ ಮೋಡದಲ್ಲಿ ಸಿಗುವುದು ಅಲ್ಪಸ್ವಲ್ಪ. ವರ್ಷದ ಬಿಲ್ಲು ಇಳಿಸಲು ಒಳ್ಳೆಯದು, ಮಳೆಗಾಲದ ಕತ್ತಲೆಗೆ ಅದನ್ನು ನಂಬಬೇಡಿ.

ಅಂಗಡಿಯಲ್ಲಿ ಕೇಳಬೇಕಾದದ್ದು

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಹೆಚ್ಚಾಗಿ ಗರಿಷ್ಠ ಸಾಮರ್ಥ್ಯ. ಸತತವಾಗಿ ಕೊಡಬಲ್ಲ ಸಾಮರ್ಥ್ಯ ಎಷ್ಟು ಎಂದು ಕೇಳಿ, ಯಂತ್ರಕ್ಕೆ ಹೊಡೆದ ತಗಡಿನಲ್ಲಿ ನೋಡಿ. ಸುರುಳಿ ತಾಮ್ರದ್ದೋ ಅಲ್ಯೂಮಿನಿಯಮ್ಮೋ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಎಲ್ಲವೂ ತಾಮ್ರವೇ. ಮಾರಾಟವಾಗುವ ಜನರೇಟರುಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿಗಳು ಅನ್ವಯಿಸುತ್ತವೆ. 2022ರ ಅಧಿಸೂಚನೆ ಅವನ್ನು ಇನ್ನಷ್ಟು ಬಿಗಿ ಮಾಡಿತು. ಆ ಪ್ರಮಾಣದ ಗುರುತಿಲ್ಲದ ಸರಕು ಎಷ್ಟೇ ಅಗ್ಗವಾದರೂ ಬೇಡ.

ಮಕ್ಕಳು ಬೆಂಗಳೂರಿನಲ್ಲಿದ್ದು ಹಿರಿಯರಷ್ಟೇ ಮನೆಯಲ್ಲಿರುವವರು ಇನ್ನೊಂದು ನೋಡಬೇಕು. ಹಗ್ಗ ಎಳೆದು ಸ್ಟಾರ್ಟ್ ಮಾಡುವುದು ಎಪ್ಪತ್ತು ದಾಟಿದ ಭುಜಕ್ಕೆ ಸುಲಭವಲ್ಲ. ಅಂಗಡಿಯಲ್ಲಿ ಎಳೆಯಬೇಕಾದವರು ಮಗನಲ್ಲ, ಮನೆಯಲ್ಲಿ ಇರುವ ತಾಯಿಯೇ. ಆಗದಿದ್ದರೆ ಕೀಲಿ ತಿರುಗಿಸುವ ಮಾದರಿ ತೆಗೆದುಕೊಳ್ಳಿ, ಅದರ ಸಣ್ಣ ಬ್ಯಾಟರಿಯನ್ನು ಆಗಾಗ ಚಾರ್ಜ್ ಮಾಡುವ ನೆನಪಿರಲಿ.

ಏಪ್ರಿಲ್, ಮೇ ತಿಂಗಳಲ್ಲೇ ಕೊಂಡುಬಿಡಿ. ನಾಲ್ಕು ಸ್ಟ್ರೋಕಿನ ಯಂತ್ರಗಳು ಸಾಮಾನ್ಯವಾಗಿ ಎಂಜಿನ್ ಆಯಿಲ್ ಇಲ್ಲದೆ ಬರುತ್ತವೆ, ತುಂಬಿಸದೆ ಹಗ್ಗ ಎಳೆಯಬಾರದು. ಮೊದಲ ಇಪ್ಪತ್ತು ಗಂಟೆ ಓಡಿದ ಮೇಲೆ ಎಣ್ಣೆ ಬದಲಿಸಿ, ಆಮೇಲೆ ನೂರು ಗಂಟೆಗೊಮ್ಮೆ. ಪೆಟ್ರೋಲನ್ನು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಕೂಡಿಡಬೇಡಿ. ಮಾರಾಟಕ್ಕಲ್ಲದೆ ಮನೆಬಳಕೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಮಿತಿ 30 ಲೀಟರ್, ಅದೂ ಗಟ್ಟಿಯಾಗಿ ಮುಚ್ಚುವ ಲೋಹದ ಕ್ಯಾನಿನಲ್ಲಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ನಮ್ಮ ತೇವದ ಗಾಳಿಯಿಂದ ಅದು ನೀರು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬಿಟ್ಟ ಪೆಟ್ರೋಲ್ ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕಟ್ಟಿಕೊಳ್ಳುತ್ತದೆ. ಮುಂದಿನ ಜೂನ್‌ನಲ್ಲಿ ಹಗ್ಗ ಎಳೆದೆಳೆದು ಕೈಸೋಲುವುದು ಹೆಚ್ಚಾಗಿ ಇದರಿಂದಲೇ. ಹಾಗಾಗಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ ಟ್ಯಾಂಕಿನಲ್ಲಿ ಉಳಿದದ್ದನ್ನು ಬೈಕಿಗೆ ಹಾಕಿ, ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ. ಬೇಸಿಗೆಯಲ್ಲಿ ಒಂದೆರಡು ಸಲ ಹೊಸ ಪೆಟ್ರೋಲ್ ಸ್ವಲ್ಪ ಹಾಕಿ, ಫ್ರಿಜ್ಜೋ ಪಂಪೋ ಜೋಡಿಸಿ ಹತ್ತು ನಿಮಿಷ ಓಡಿಸಿ ನೋಡಿ. ಲೋಡಿಲ್ಲದೆ ಬರಿದೇ ಓಡಿಸಿದರೆ ಎವಿಆರ್ ಕೆಟ್ಟಿರುವುದು ಗೊತ್ತಾಗುವುದಿಲ್ಲ.